ಒಂದು ಕುರ್ಚಿಗೆ ನಾಲ್ವರು ಬೇಕು

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹೆಡ್ ಕಾನ್‌ಸ್ಟೆಬಲ್ ಇದ್ದಾರೆ. ಅವರ ಅಡುಗೆಮನೆ ಬಾಗಿಲ ಪಕ್ಕ ತೂಗುಹಾಕಿದ ಕ್ಯಾಲೆಂಡರಿನ ತುಂಬ ಕೆಂಪು ಸುತ್ತು, ನೀಲಿ ಗೀಟು, ಅಲ್ಲಲ್ಲಿ ಇಂಟು ಮಾರ್ಕು. ಹಾಲಿನ ಲೆಕ್ಕ ಇರಬೇಕು ಅಂದುಕೊಂಡಿದ್ದೆ. "ಹಾಲಿಂದಲ್ಲ ಅಣ್ಣ, ಇವ್ರುದು" ಅಂದರು ಅವರ ಹೆಂಡತಿ. ಕೆಂಪು ಸುತ್ತು ಅಂದರೆ ವಾರದ ರಜೆ ಸಿಕ್ಕ ದಿನ. ಅದರ ಮೇಲೆ ಇಂಟು ಬಿದ್ದಿದ್ದರೆ ರಜೆಯ ದಿನವೇ ಫೋನ್ ಬಂದು ಠಾಣೆಗೆ ಓಡಿದ್ದು. ನೀಲಿ ಗೀಟು ರಾತ್ರಿಯೂಟಕ್ಕೆ ಮನೆಯಲ್ಲಿದ್ದ ದಿನಕ್ಕೆ. ವರ್ಷಕ್ಕೆ 52 ಸುತ್ತು ಬೀಳಬೇಕಿದ್ದ ಕಡೆ 19 ಇದ್ದವು. ಆ 19ರಲ್ಲಿ 6ರ ಮೇಲೆ ಇಂಟು. ನೀಲಿ ಗೀಟುಗಳನ್ನೂ ಎಣಿಸಲು ಹೊರಟೆ. ಆಕೆ ಕ್ಯಾಲೆಂಡರ್ ಹಾಳೆ ಮಗುಚಿಬಿಟ್ಟರು. "ಅದು ಬೇಡ ಬಿಡಿ."

ಒಂದು ಮನೆಯ ಗೋಡೆಯಿಂದ ದೇಶದ ಲೆಕ್ಕ ಹೇಳಬಾರದು, ಸರಿ. ಆದರೆ ದೇಶದ ಲೆಕ್ಕವೂ ಹೆಚ್ಚುಕಡಿಮೆ ಈ ಕ್ಯಾಲೆಂಡರಿನ ಹಾಗೇ ಇದೆ.

2014ರಲ್ಲಿ ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊಗಾಗಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜ್ ಒಂದು ಅಧ್ಯಯನ ಮಾಡಿತು. ಹನ್ನೆರಡು ಸಾವಿರಕ್ಕೂ ಮಿಕ್ಕಿ ಠಾಣೆ ಸಿಬ್ಬಂದಿಯನ್ನೂ ಸಾವಿರದಷ್ಟು ಠಾಣಾಧಿಕಾರಿಗಳನ್ನೂ ಮಾತಾಡಿಸಿದ ಅಧ್ಯಯನ ಅದು. ಸಿಬ್ಬಂದಿಯಲ್ಲಿ ಸುಮಾರು ಶೇ 90 ಮಂದಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರು. ತಮ್ಮ ಠಾಣೆಯವರ ದುಡಿಮೆ 11 ಗಂಟೆ ದಾಟುತ್ತದೆ ಎಂದ ಅಧಿಕಾರಿಗಳು ಶೇ 68. ತಿಂಗಳಿಗೆ ಒಂದು ವಾರದ ರಜೆಯೂ ಸಿಗದವರು ಶೇ 73.6. ಐದು ವರ್ಷ ಬಿಟ್ಟು, 2019ರಲ್ಲಿ, ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 21 ರಾಜ್ಯಗಳ 11,834 ಪೊಲೀಸರನ್ನು ಕೇಳಿದವು. ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆ ಎಂಬುದೇ ಇಲ್ಲ. ನಾಲ್ವರಲ್ಲಿ ಮೂವರು ಈ ಹೊರೆ ಮೈಯನ್ನೂ ಮನಸ್ಸನ್ನೂ ತಿನ್ನುತ್ತಿದೆ ಎಂದರು. ಇಷ್ಟೇ ಸಂಬಳ, ಸವಲತ್ತು ಸಿಕ್ಕರೆ ಬೇರೆ ಕೆಲಸಕ್ಕೆ ಹೋಗುತ್ತೀರಾ ಎಂಬ ಪ್ರಶ್ನೆಗೆ ಶೇ 37 ಮಂದಿ ಹೂಂ ಅಂದರು. ನನಗೆ ಆ ವರದಿಯಲ್ಲಿ ಎಲ್ಲಕ್ಕಿಂತ ಭಾರ ಅನ್ನಿಸಿದ್ದು ಈ ಶೇ 37. ಊರಲ್ಲಿ ಪೊಲೀಸ್ ಕೆಲಸ ಸಿಕ್ಕಿತೆಂದು ಸಿಹಿ ಹಂಚುತ್ತಾರೆ. ಒಳಗೆ ಹೋದವರಲ್ಲಿ ಮೂರರಲ್ಲೊಬ್ಬರು ಬಾಗಿಲು ಹುಡುಕುತ್ತಿದ್ದಾರೆ.

ಹದಿನಾಲ್ಕು ಗಂಟೆ ಎಲ್ಲಿಂದ ಬಂತು? ಇದಕ್ಕೆ ಒಂದು ಕುರ್ಚಿಯ ಲೆಕ್ಕ ಮಾಡಿದರೆ ಸಾಕು.

ಯಾವ ಠಾಣೆಗಾದರೂ ಹೋಗಿ ನೋಡಿ, ಒಳಗೆ ಕಾಲಿಟ್ಟೊಡನೆ ಒಂದು ಮೇಜು, ಅದರ ಹಿಂದೆ ಎಸ್‌ಎಚ್‌ಒ (ಠಾಣೆಯ ಉಸ್ತುವಾರಿ) ಡ್ಯೂಟಿಯವರ ಕುರ್ಚಿ. ನಡುರಾತ್ರಿ ಎರಡಕ್ಕೂ ಯುಗಾದಿ ಮಧ್ಯಾಹ್ನಕ್ಕೂ ಅದು ಖಾಲಿ ಇರುವಂತಿಲ್ಲ. ಸೆಂಟ್ರಿ, ವೈರ್‌ಲೆಸ್, 112 ವಾಹನ, ಇವಕ್ಕೂ ಅದೇ ಕಟ್ಟು. ವರ್ಷಕ್ಕೆ 8,760 ಗಂಟೆ. ಈಗ ಒಬ್ಬ ಮನುಷ್ಯನಿಗೆ 8 ಗಂಟೆ ಪಾಳಿ, ವಾರಕ್ಕೊಂದು ರಜೆ, ಗಳಿಕೆ ರಜೆ ಸಾಂದರ್ಭಿಕ ರಜೆ ಎಲ್ಲ ಸೇರಿ 45 ದಿನ ಎಂದಿಟ್ಟುಕೊಳ್ಳೋಣ. 365ರಲ್ಲಿ 52 ಹೋಯಿತು, 45 ಹೋಯಿತು, ಉಳಿದದ್ದು 268 ದಿನ, ಅಂದರೆ 2,144 ಗಂಟೆ. 8,760ನ್ನು ಇದರಿಂದ ಭಾಗಿಸಿದರೆ 4.09. ಒಂದು ಕುರ್ಚಿಗೆ ನಾಲ್ವರು ಬೇಕು. ನಾಲ್ವರಲ್ಲೂ ಯಾರೂ ಜ್ವರ ಬಂದು ಮಲಗಬಾರದು.

ಅದೇ ಕುರ್ಚಿಯಲ್ಲಿ ದಿನಕ್ಕೆ 14 ಗಂಟೆ ಕೂರಿಸಿ, ವಾರದ ರಜೆ ಕೊಡಬೇಡಿ, ವರ್ಷಕ್ಕೆ 15 ದಿನ ಮಾತ್ರ ಬಿಡಿ. 350 ದಿನ, 4,900 ಗಂಟೆ. ಬೇಕಾಗುವ ಜನ 1.79. ಹೆಚ್ಚುಕಡಿಮೆ ನಾಲ್ವರು ಮಾಡುವ ಕೆಲಸ ಇಬ್ಬರಿಂದ ನಡೆದುಹೋಯಿತು. ಉಳಿದ 2.3 ಸಂಬಳ ಖಜಾನೆಯಲ್ಲೇ ಉಳಿಯಿತು. 2019ರ ಆಗಸ್ಟಿನಿಂದ ಕರ್ನಾಟಕದಲ್ಲಿ ಕಾನ್‌ಸ್ಟೆಬಲ್ ಮೂಲ ವೇತನ 23,500 ರೂಪಾಯಿಯಿಂದ ಶುರುವಾಗುತ್ತಿತ್ತು. ಆ ಲೆಕ್ಕದಲ್ಲಿ, ಮೂಲ ವೇತನ ಒಂದನ್ನೇ ಹಿಡಿದರೂ, ಕುರ್ಚಿಯೊಂದಕ್ಕೆ ವರ್ಷದ ಉಳಿತಾಯ 6,48,600 ರೂಪಾಯಿ. ಆಮೇಲೆ ವೇತನ ಪರಿಷ್ಕರಣೆ ಬಂತು, ಮೊತ್ತ ಏರಿತು. ಮೊತ್ತ ಏರಿದಂತೆ ಉಳಿತಾಯವೂ ಏರಿತು.

ಇದನ್ನೇ ಕಾನ್‌ಸ್ಟೆಬಲ್ ಕಡೆಯಿಂದ ನೋಡೋಣ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಾದರೆ 23,500ಕ್ಕೆ ಗಂಟೆಗೆ 113 ರೂಪಾಯಿ ಬಿದ್ದಂತಾಯಿತು. 30 ದಿನ, 14 ಗಂಟೆಯಾದರೆ 56. ಸರ್ಕಾರ ಸಂಬಳ ಕಡಿದಿಲ್ಲ, ಆದರೂ ಅರ್ಧವಾಯಿತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ಕೊಡಿ ಎನ್ನುತ್ತಿತ್ತು. ಪೊಲೀಸರಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ, ಆದರೂ ಸುಮ್ಮನೆ ಹಾಕಿ ನೋಡಿದೆ. ವಾರಕ್ಕೆ 98 ಗಂಟೆ, ಅದರಲ್ಲಿ ಓಟಿ 50 ಗಂಟೆ, ಗಂಟೆಗೆ 226 ರೂಪಾಯಿ. ವಾರಕ್ಕೆ 11,300. ತಿಂಗಳಿಗೆ ಸುಮಾರು 49,000, ಅಂದರೆ ಮೂಲ ವೇತನದ ಎರಡರಷ್ಟಕ್ಕೂ ಮೇಲೆ. ಅಂದಹಾಗೆ, ಇಮ್ಮಡಿ ಕೂಲಿ ಕೊಟ್ಟರೂ ಅಷ್ಟು ಹೊತ್ತು ದುಡಿಸಲು ಆ ಕಾಯ್ದೆ ಬಿಡುತ್ತಿರಲಿಲ್ಲ. ಕಾರ್ಖಾನೆಯ ಮಾಲೀಕನ ಮೇಲೆ ಕೇಸಾಗುತ್ತಿತ್ತು. ಪೊಲೀಸರ ಪಾಲಿಗಿರುವುದು 1861ರ ಪೊಲೀಸ್ ಕಾಯ್ದೆಯ 22ನೇ ಕಲಂ: ಪೊಲೀಸ್ ಅಧಿಕಾರಿಯನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಪರಿಗಣಿಸತಕ್ಕದ್ದು. ಸಿಪಾಯಿ ದಂಗೆಯಾದ ನಾಲ್ಕು ವರ್ಷಕ್ಕೆ ಬರೆದ ಸಾಲು. ಇಂದಿನ ಡ್ಯೂಟಿ ಚಾರ್ಟು ಅದರ ಮೇಲೆಯೇ ಕೂತಿದೆ.

ಇದರ ಜೊತೆಗೆ ಖಾಲಿ ಹುದ್ದೆ. 2020ರ ಜನವರಿ 1ಕ್ಕೆ ದೇಶದ ರಾಜ್ಯ ಪೊಲೀಸ್ ಪಡೆಗಳಲ್ಲಿ ಮಂಜೂರಾದ ಹುದ್ದೆ 26,23,225, ಇದ್ದವರು 20,91,488. ಐದರಲ್ಲೊಂದು ಹುದ್ದೆ ಖಾಲಿ. ನೆನಪಿರಲಿ, ಇದು ಮಂಜೂರಾತಿಗೆ ಹೋಲಿಸಿದ ಕೊರತೆ. 8 ಗಂಟೆ ಪಾಳಿ ತರಬೇಕಾದರೆ ಆ ಮಂಜೂರಾತಿಯೇ ಸಾಲದು, ಠಾಣೆಗಳಲ್ಲಿ ಅದರ 1.68 ಪಟ್ಟು ಜನ ಬೇಕು ಎಂದು ಹೈದರಾಬಾದಿನ ಅಧ್ಯಯನ ಲೆಕ್ಕ ಕೊಟ್ಟಿತ್ತು.

ಗಂಟೆಯ ಲೆಕ್ಕ ಆಯಿತು. ಆ ಗಂಟೆಗಳಲ್ಲಿ ಕಣ್ಣಿಗೆ ಏನು ಬೀಳುತ್ತದೆ ಎಂಬುದು ಬೇರೆಯೇ ಲೆಕ್ಕ. 2022ರಲ್ಲಿ ಕರ್ನಾಟಕದಲ್ಲಿ ಆತ್ಮಹತ್ಯೆಯಿಂದ ಸತ್ತವರು 13,606. ಅದೇ ವರ್ಷ ರಸ್ತೆ ಅಪಘಾತದಲ್ಲಿ ಸತ್ತವರು 11,702. ಎರಡೂ ಸೇರಿ 25,308, ದಿನಕ್ಕೆ 69. ಈ ಪ್ರತಿ ಸಾವಿಗೂ ಠಾಣೆಯಿಂದ ಯಾರಾದರೂ ಹೋಗಲೇಬೇಕು. ಯುಡಿಆರ್ (ಅಸಹಜ ಸಾವಿನ ವರದಿ) ಇಲ್ಲವೇ ಎಫ್‌ಐಆರ್ ಬರೆಯಬೇಕು, ಪಂಚರನ್ನು ಹುಡುಕಬೇಕು, ಶವದ ಪಕ್ಕ ಕಾವಲು ನಿಲ್ಲಬೇಕು, ಆಂಬುಲೆನ್ಸಿನಲ್ಲಿ ಕೂತು ಶವಾಗಾರದ ತನಕ ಹೋಗಬೇಕು, ತಾಯಿಯೋ ತಂದೆಯೋ ಬಂದಾಗ ಮುಖದ ಮೇಲಿನ ಬಟ್ಟೆ ಸರಿಸಿ ತೋರಿಸಬೇಕು. ಕೊಲೆ, ಬೆಂಕಿ, ಕೆರೆಯಲ್ಲಿ ಮುಳುಗಿದ ಮಕ್ಕಳು, ಇವು ಈ 69ರ ಹೊರಗೆ. ನಮ್ಮ ಬೀದಿಯ ಹೆಡ್ ಕಾನ್‌ಸ್ಟೆಬಲ್ಲಿಗೆ 24 ವರ್ಷ ಸರ್ವೀಸು. ಎಷ್ಟು ಪಂಚನಾಮೆಗೆ ನಿಂತಿದ್ದೀರಿ ಎಂದು ಒಮ್ಮೆ ಕೇಳಿದೆ. ಲೆಕ್ಕ ಇಟ್ಟಿಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಶೂ ಲೇಸು ಬಿಚ್ಚುತ್ತ, "ಮಕ್ಕಳದ್ದು ಇಟ್ಟಿದೀನಿ. ಹನ್ನೊಂದು" ಅಂದರು. ಅವರ ಹೆಂಡತಿಗೆ ಈ ಹನ್ನೊಂದರ ವಿಷಯ ಗೊತ್ತಿರಲಿಲ್ಲ ಎಂಬುದು ಆಕೆಯ ಮುಖ ನೋಡಿದಾಗ ತಿಳಿಯಿತು.

ಇದೆಲ್ಲ ಸೇರಿ ಮನಸ್ಸಿಗೆ ಏನಾಗುತ್ತದೆ? 24 ದೇಶಗಳ 67 ಅಧ್ಯಯನಗಳನ್ನು ಒಟ್ಟುಗೂಡಿಸಿ, 2,72,463 ಪೊಲೀಸರ ಮಾಹಿತಿ ಸೋಸಿದ ಒಂದು ವಿಶ್ಲೇಷಣೆ 2020ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಖಿನ್ನತೆ ಶೇ 14.6 ಮಂದಿಗೆ. ಕಂಡ ಘೋರಗಳು ಮತ್ತೆ ಮತ್ತೆ ಕಣ್ಣ ಮುಂದೆ ಬರುವ ಪಿಟಿಎಸ್‌ಡಿ ಶೇ 14.2. ಸಾಯುವ ಯೋಚನೆ ಬಂದವರು ಶೇ 8.5. ಅಪಾಯದ ಮಟ್ಟಕ್ಕೆ ಕುಡಿಯುವವರು ಶೇ 25.7, ನಾಲ್ವರಲ್ಲಿ ಒಬ್ಬರು. ನಮ್ಮಲ್ಲಿ ಈ ಕೊನೆಯ ಅಂಕಿಯೊಂದೇ ಹೊರಗೆ ಕಾಣುವುದು. "ಪೊಲೀಸಪ್ಪ ಕುಡೀತಾನೆ" ಎಂಬಲ್ಲಿಗೆ ರೋಗನಿರ್ಣಯ ಮುಗಿಯುತ್ತದೆ. ಗಂಡಸಿನ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರುವುದಿಲ್ಲ, ಸಿಟ್ಟಾಗಿ ಬರುತ್ತದೆ. ಪಾತ್ರೆ ಸದ್ದಾದರೆ ರೇಗು, ಮಗ ಪ್ರಶ್ನೆ ಕೇಳಿದರೆ ರೇಗು, ಠಾಣೆಗೆ ಬಂದ ದೂರುದಾರನ ಮೇಲೆ ರೇಗು. ಮೂರನೆಯದಕ್ಕೆ ಪೊಲೀಸ್ ದರ್ಪ ಎಂಬ ಹೆಸರಿದೆ. ಎಲ್ಲ ದರ್ಪವೂ ರೋಗ ಅಂತ ನಾನು ಹೇಳುತ್ತಿಲ್ಲ. ಲಾಠಿಯ ಸುಖಕ್ಕೇ ಬೀಸುವವರೂ ಇದ್ದಾರೆ, ಅವರಿಗೆ ಈ ಲೇಖನದ ನೆರಳು ಬೇಡ.

ಆ ಶೇ 14.6ನ್ನು ನಮ್ಮ 20,91,488 ಮಂದಿಗೆ ಹಾಕಿದರೆ 3 ಲಕ್ಷ 5 ಸಾವಿರ ಬರುತ್ತದೆ. ಇದು ನನ್ನ ಗುಣಾಕಾರ, ಭಾರತದ ಸಮೀಕ್ಷೆಯಲ್ಲ. ಬೇರೆ ದೇಶಗಳ ಸರಾಸರಿಯನ್ನು ಇಲ್ಲಿ ಹೀಗೆ ಸುರಿಯುವುದು ಸರಿಯಲ್ಲ ಎನ್ನುವವರು ಒಂದನ್ನು ಗಮನಿಸಬೇಕು: 14 ಗಂಟೆಯ ಸರಾಸರಿ ನಮ್ಮದು.

ನಮ್ಮದೇ ಅಂಕಿ ಯಾಕೆ ಹಾಕಲಿಲ್ಲ ಎಂದರೆ, ಖಿನ್ನತೆಯ ಮಾತಿರಲಿ, ಆತ್ಮಹತ್ಯೆಯಿಂದ ಸತ್ತ ಪೊಲೀಸರನ್ನು ಬರೆಯುವ ಕಲಂ ಕೂಡ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತಿವರ್ಷ ಆತ್ಮಹತ್ಯೆಗಳ ದಪ್ಪ ವರದಿ ತರುತ್ತದೆ. ರೈತರು, ಕೂಲಿಯವರು, ವಿದ್ಯಾರ್ಥಿಗಳು, ಗೃಹಿಣಿಯರು ಎಂದು ಬೇರೆ ಬೇರೆ ಸಾಲು. ರಾಜ್ಯ ಪೊಲೀಸರು ರಾಜ್ಯ ಸರ್ಕಾರಿ ನೌಕರರೆಂಬ ಸಾಲಿನಲ್ಲಿ ಕರಗಿಹೋಗುತ್ತಾರೆ. ಆ ವರದಿಗೆ ಮೂಲವಾದ ಒಂದೊಂದು ಯುಡಿಆರನ್ನೂ ಬರೆಯುವವರು ಪೊಲೀಸರೇ. ಊರಿನ ಎಲ್ಲರ ಸಾವಿಗೂ ಪ್ರತ್ಯೇಕ ಕಲಂ ತುಂಬುವವರಿಗೆ ತಮ್ಮದೊಂದು ಕಲಂ ಇಲ್ಲ.

ಲೆಕ್ಕ ಸಿಗುವುದು ಕೇಂದ್ರದ ಸಶಸ್ತ್ರ ಪಡೆಗಳದ್ದು: ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್ ಮುಂತಾದವು. ಸಂಸತ್ತಿನಲ್ಲಿ ಕೊಟ್ಟ ಉತ್ತರದಂತೆ 2020ರಲ್ಲಿ 144, 2021ರಲ್ಲಿ 157, 2022ರಲ್ಲಿ 138, 2023ರಲ್ಲಿ 157, 2024ರಲ್ಲಿ 134 ಮಂದಿ ಆತ್ಮಹತ್ಯೆಯಿಂದ ಸತ್ತರು. ಐದು ವರ್ಷಕ್ಕೆ 730. ಅದೇ ಅವಧಿಯಲ್ಲಿ ಕೆಲಸ ಬಿಟ್ಟವರು 55 ಸಾವಿರದ ಮೇಲೆ. ಈ ಸಾವುಗಳಲ್ಲಿ ಶೇ 80ಕ್ಕೂ ಹೆಚ್ಚು, ರಜೆ ಮುಗಿಸಿ ಮರಳಿದ ಮೇಲೆ ಆದವು ಎಂದು ಇದಕ್ಕಾಗಿ ರಚಿಸಿದ ಕಾರ್ಯಪಡೆ ಕಂಡುಕೊಂಡಿತು. ರಜೆಯೇ ಕಾರಣ ಅಂತಲ್ಲ. ಊರಿಗೆ ಹೋದಾಗ ಸಾಲ, ಸಂಸಾರದ ಜಗಳ, ಮಕ್ಕಳ ಓದು ಎಲ್ಲ ಒಟ್ಟಿಗೆ ಎದುರಾಗುತ್ತವೆ. ಬಗೆಹರಿಸಲು ದಿನ ಸಾಲದೆ ಅವನ್ನು ಹೊತ್ತುಕೊಂಡೇ ಕ್ಯಾಂಪಿಗೆ ಮರಳುತ್ತಾರೆ.

ಪಕ್ಕದಲ್ಲೇ ಇನ್ನೊಂದು ಅಂಕಿ ಇಡುತ್ತೇನೆ. ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ 1959ರ ಅಕ್ಟೋಬರ್ 21ರಂದು 10 ಪೊಲೀಸರು ಹತರಾದ ನೆನಪಿಗೆ ಪ್ರತಿವರ್ಷ ಆ ದಿನ ಹುತಾತ್ಮರ ಹೆಸರು ಓದುತ್ತಾರೆ. ತುತ್ತೂರಿ ಊದುತ್ತಾರೆ, ಬಂದೂಕು ತಲೆಕೆಳಗಾಗುತ್ತದೆ. 2023ರ ಆ ಪಟ್ಟಿಯಲ್ಲಿ, ಎಲ್ಲ ರಾಜ್ಯಗಳ ಪೊಲೀಸರು ಮತ್ತು ಎಲ್ಲ ಕೇಂದ್ರ ಪಡೆಗಳು ಸೇರಿ, ಇದ್ದ ಹೆಸರು 188. ಆ ವರ್ಷ ಕೇಂದ್ರ ಪಡೆಗಳ ಆತ್ಮಹತ್ಯೆಯೊಂದೇ 157. ಈ 157ಕ್ಕೆ ರಾಜ್ಯಗಳದ್ದೂ ಸೇರಿದರೆ ಎಷ್ಟಾದೀತು? ಅಮೆರಿಕದಲ್ಲಿ ಇಂಥ ತುಲನೆ ಆಗಿದೆ. ರುಡರ್‌ಮನ್ ಪ್ರತಿಷ್ಠಾನದ ಅಧ್ಯಯನದಂತೆ 2017ರಲ್ಲಿ ಅಲ್ಲಿ ಕರ್ತವ್ಯದಲ್ಲಿ ಮಡಿದ ಪೊಲೀಸರು 129, ಆತ್ಮಹತ್ಯೆಯಿಂದ ಸತ್ತವರು 140. ಫ್ರಾನ್ಸಿನ ರಾಷ್ಟ್ರೀಯ ಪೊಲೀಸ್ ಪಡೆ 2019ರಲ್ಲಿ ಹೀಗೆ 59 ಮಂದಿಯನ್ನು ಕಳೆದುಕೊಂಡಿತು.

ಇಲ್ಲೊಂದು ತಕರಾರು ನಾನೇ ತೆಗೆಯಬೇಕು. ಕೇಂದ್ರ ಪಡೆಗಳಲ್ಲಿ ಸುಮಾರು 10 ಲಕ್ಷ ಜನ. 157 ಅಂದರೆ ಲಕ್ಷಕ್ಕೆ 16ರ ಹತ್ತಿರ. 2022ರಲ್ಲಿ ದೇಶದಲ್ಲಿ 1,22,724 ಗಂಡಸರು ಆತ್ಮಹತ್ಯೆಯಿಂದ ಸತ್ತರು; ಲಕ್ಷಕ್ಕೆ ಸುಮಾರು 17. ಹಾಗಾದರೆ ಪಡೆಯಲ್ಲಿ ಹೆಚ್ಚೇನಿಲ್ಲವಲ್ಲ ಎಂದು ಕಚೇರಿಯ ಕಡತ ಮುಚ್ಚಬಹುದು. ಮುಚ್ಚುವ ಮೊದಲು ಯಾರನ್ನು ಯಾರಿಗೆ ಹೋಲಿಸಿದೆವು ನೋಡಿ. ಆ 17ರಲ್ಲಿ ಕೆಲಸವಿಲ್ಲದವರು, ಬೆಳೆ ಹೋದವರು, ವಾಸಿಯಾಗದ ಕಾಯಿಲೆಯವರು ಎಲ್ಲರೂ ಇದ್ದಾರೆ. ಈ 16 ಮಂದಿ ಓಡಿ, ಹಾರಿ, ಎದೆ ಅಳತೆ ಕೊಟ್ಟು, ವೈದ್ಯಕೀಯ ಪರೀಕ್ಷೆ ದಾಟಿ, ತಿಂಗಳ ಸಂಬಳಕ್ಕೆ ಸೇರಿದವರು. ಸೋಸಿ ಆರಿಸಿದವರ ಅಂಕಿ ಸೋಸದವರ ಅಂಕಿಗೆ ಹತ್ತಿರ ಬಂದರೆ, ಸೋಸಿದ ಮೇಲೆ ಏನೋ ಆಗಿದೆ.

ಹೇಳಿಕೊಳ್ಳಬಹುದಲ್ಲ? ಅಮೆರಿಕದ ಡಲ್ಲಾಸ್ ಕಡೆಯ 434 ಪೊಲೀಸರನ್ನು ತಪಾಸಣೆ ಮಾಡಿದಾಗ ಶೇ 26 ಮಂದಿಯಲ್ಲಿ ಮಾನಸಿಕ ತೊಂದರೆಯ ಲಕ್ಷಣ ಕಂಡವು. ಅಂದರೆ 113 ಮಂದಿ. ಅವರಲ್ಲಿ ವೈದ್ಯಕೀಯ ನೆರವು ಕೇಳಿದ್ದವರು ಶೇ 17, ಹತ್ತೊಂಬತ್ತು ಜನ. ಬ್ರಿಟನ್ನಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು 2018ರಲ್ಲಿ 16,857 ಪೊಲೀಸರನ್ನು ಕೇಳಿದರು. ಐವರಲ್ಲಿ ಒಬ್ಬರಿಗೆ ಪಿಟಿಎಸ್‌ಡಿ ಲಕ್ಷಣ. ಅವರಲ್ಲಿ ಮೂರರಲ್ಲಿ ಎರಡು ಪಾಲಿಗೆ ತಮಗೆ ಅದಿದೆ ಎಂಬುದೇ ಗೊತ್ತಿರಲಿಲ್ಲ. ನಮ್ಮಲ್ಲಿ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ಸಾಮಾನ್ಯ ಜನರಲ್ಲೇ ಖಿನ್ನತೆ ಇರುವ ನೂರರಲ್ಲಿ 85 ಮಂದಿಗೆ ಚಿಕಿತ್ಸೆ ತಲುಪಿಲ್ಲ ಎಂದಿತು. ಖಾಕಿ ತೊಟ್ಟವರಿಗೆ ಇದರ ಮೇಲೆ ಇನ್ನೊಂದು ಹೆದರಿಕೆ. "ತಲೆ ಸರಿ ಇಲ್ಲ" ಎಂಬ ಮಾತು ಒಮ್ಮೆ ಠಾಣೆಯಲ್ಲಿ ಹಬ್ಬಿದರೆ ಮುಗಿಯಿತು. ಆಯುಧದ ಡ್ಯೂಟಿ ಹೋಗುತ್ತದೆ, ಒಳ್ಳೆಯ ಜಾಗ ಹೋಗುತ್ತದೆ, ಬಡ್ತಿ ಹೊತ್ತಿಗೆ ಕಡತದಲ್ಲಿ ಒಂದು ಚೀಟಿ ಇರುತ್ತದೆ. ಆಯುಧ ಕೆಲಕಾಲ ದೂರ ಇಡುವುದು ವೈದ್ಯರ ದೃಷ್ಟಿಯಲ್ಲಿ ಸರಿಯಾದ ಕ್ರಮ. ಅದನ್ನು ಶಿಕ್ಷೆಯ ಹಾಗೆ ಮಾಡುವುದರಿಂದಲೇ ಜನ ಬಾಯಿ ಮುಚ್ಚುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾರು ಬೇಕಾದರೂ, ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಮೇಲಧಿಕಾರಿಯ ಅನುಮತಿ ಬೇಕಿಲ್ಲ. ಈ ಸಂಖ್ಯೆಯನ್ನು ಹೆಡ್ ಕಾನ್‌ಸ್ಟೆಬಲ್ಲಿಗೆ ಹೇಳಿದಾಗ ಅವರ ಮೊದಲ ಪ್ರಶ್ನೆ, "ನಂಬರ್ ಟ್ರೇಸ್ ಆಗುತ್ತಾ?" ಪೊಲೀಸರಲ್ಲವೇ.

ಚಿಕಿತ್ಸೆಯ ಖರ್ಚು ಹೇಳಿಬಿಡುತ್ತೇನೆ, ಅದು ಚಿಕ್ಕದು. ಮಾನಸಿಕ ಕಾಯಿಲೆಯ ಚಿಕಿತ್ಸೆ ಮತ್ತು ಓಡಾಟಕ್ಕೆ ಕುಟುಂಬವೊಂದು ಕೈಯಿಂದ ಹಾಕುವುದು ತಿಂಗಳಿಗೆ 1,000ದಿಂದ 1,500 ರೂಪಾಯಿ ಎಂದು ನಿಮ್ಹಾನ್ಸಿನ ಅದೇ ಸಮೀಕ್ಷೆ ಕಂಡಿತ್ತು. ವರ್ಷಕ್ಕೆ 12,000ದಿಂದ 18,000. ಈಗಿನ ಬೆಲೆಗೆ ಏರಿಸಿಕೊಳ್ಳಿ ಬೇಕಾದರೆ. ಮೇಲೆ ಮಾಡಿದ ಕುರ್ಚಿಯ ಲೆಕ್ಕ ನೆನಪಿದೆಯೇ? ಒಂದೇ ಕುರ್ಚಿಯಲ್ಲಿ ವರ್ಷಕ್ಕೆ ಉಳಿದ 6,48,600 ರೂಪಾಯಿಯಲ್ಲಿ 36ರಿಂದ 54 ಮಂದಿಗೆ ವರ್ಷವಿಡೀ ಚಿಕಿತ್ಸೆ ಕೊಡಿಸಬಹುದು. ಬಹಳ ಠಾಣೆಗಳಲ್ಲಿ ಅಷ್ಟು ಸಿಬ್ಬಂದಿಯೇ ಇರುವುದಿಲ್ಲ.

ಆದರೆ ಮಾತ್ರೆ ನುಂಗಿಸಿ ಮತ್ತೆ 14 ಗಂಟೆ ಕೂರಿಸುವುದಾದರೆ ಅದು ವಿಚಿತ್ರ ವ್ಯಾಪಾರ. ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸ ಇವೂ ಹಾಗೆಯೇ. ರಾತ್ರಿ ಪಾಳಿ ಮುಗಿಸಿದವರನ್ನು ಬೆಳಗ್ಗೆ ಆರಕ್ಕೆ ಮೈದಾನದಲ್ಲಿ ನಿಲ್ಲಿಸಿ ಉಸಿರಾಡಲು ಹೇಳಿಕೊಡುವುದಕ್ಕಿಂತ ಮನೆಗೆ ಕಳಿಸಿ ಮಲಗಲು ಬಿಡುವುದು ಅಗ್ಗ.

ಗಂಟೆ ಇಳಿಸಿ ನೋಡಿದವರಿದ್ದಾರೆ. ಮುಂಬೈನ ದೇವನಾರ್ ಠಾಣೆಯಲ್ಲಿ 2016ರ ಮೇ ತಿಂಗಳಲ್ಲಿ 8 ಗಂಟೆ ಪಾಳಿಯ ಪ್ರಯೋಗ ಆಯಿತು. ಯೋಜನೆ ರೂಪಿಸಿಕೊಟ್ಟವರು ಐಪಿಎಸ್ ಅಧಿಕಾರಿಯಲ್ಲ, ರವೀಂದ್ರ ಪಾಟೀಲ್ ಎಂಬ ಕಾನ್‌ಸ್ಟೆಬಲ್. ಆಗಿನ ಕಮಿಷನರ್ ದತ್ತಾ ಪಡಸಲಗೀಕರ್ ಅದನ್ನು ಒಪ್ಪಿದರು, 2018ರ ಜನವರಿಗೆ ಮುಂಬೈಯ ಎಲ್ಲ ಠಾಣೆಗಳಿಗೂ ಹಬ್ಬಿಸಿದರು. ಮುಂದೆ ಅದು ಸಡಿಲವಾಯಿತು. 2022ರಲ್ಲಿ ಮಹಾರಾಷ್ಟ್ರ ಮಹಿಳಾ ಸಿಬ್ಬಂದಿಗೆ 12 ಗಂಟೆಯನ್ನು 8ಕ್ಕೆ ಇಳಿಸಿತು. ಆಂಧ್ರಪ್ರದೇಶ 2019ರ ಜೂನ್‌ನಲ್ಲಿ ವಾರದ ರಜೆ ಜಾರಿಗೆ ತಂದಿತು.

ಕರ್ನಾಟಕದಲ್ಲಿ ಬೇಡಿಕೆ ಬೇರೆ ದಾರಿಯಲ್ಲಿ ಬಂತು. 2016ರ ಜೂನ್ 4ರಂದು ಪೊಲೀಸರು ಸಾಮೂಹಿಕವಾಗಿ ರಜೆ ಹಾಕುತ್ತಾರೆಂಬ ಕರೆ ಹೊರಟಿತ್ತು. ಸಂಬಳ, ವಾರದ ರಜೆ, ಮೇಲಧಿಕಾರಿಗಳ ಮನೆಯ ಆರ್ಡರ್ಲಿ ಚಾಕರಿಯಿಂದ ಬಿಡುಗಡೆ, ಇವು ಮುಖ್ಯ ಬೇಡಿಕೆ. ಪೊಲೀಸರಿಗೆ ಸಂಘ ಕಟ್ಟುವ ಹಕ್ಕನ್ನು ಕಾನೂನು ಬಿಗಿಯಾಗಿ ಕಟ್ಟಿಹಾಕಿದೆ. ಕರೆ ಕೊಟ್ಟವರ ಮೇಲೆ ರಾಜದ್ರೋಹದ ಕೇಸು ಬಿತ್ತು. ಆ ದಿನ ಬಹುತೇಕ ಎಲ್ಲರೂ ಕೆಲಸಕ್ಕೆ ಬಂದರು. ಆಮೇಲೆ ರಾಘವೇಂದ್ರ ಔರಾದಕರ್ ಸಮಿತಿ ಕೂತಿತು, ವರದಿ ಕೊಟ್ಟಿತು, 2019ರಲ್ಲಿ ಸಂಬಳ ಏರಿತು. ಮೇಲಿನ 23,500 ಆ ಏರಿಕೆಯದ್ದೇ. ರೂಪಾಯಿಯ ಬೇಡಿಕೆಗೆ ಮೂರು ವರ್ಷ ಹಿಡಿಯಿತು. ಗಂಟೆಯ ಬೇಡಿಕೆ ಇನ್ನೂ ಆ ಕ್ಯಾಲೆಂಡರಿನಲ್ಲೇ ಇದೆ.

ಮೊನ್ನೆ ಹೆಡ್ ಕಾನ್‌ಸ್ಟೆಬಲ್ಲಿಗೆ ವರ್ಷದ ಆರೋಗ್ಯ ತಪಾಸಣೆ ಇತ್ತು. ತೂಕ, ಬಿಪಿ, ಶುಗರ್, ಇಸಿಜಿ, ಕಣ್ಣು. ಫಾರಂ ತುಂಬಿಸಿಕೊಂಡು ಬಂದು ತೋರಿಸಿದರು, ಎಲ್ಲ ಚೌಕದಲ್ಲೂ ಒಂದೊಂದು ಅಂಕಿ. ಮನಸ್ಸಿನ ಚೌಕ ಇರಲಿಲ್ಲ. ಆದರೆ ಅಲ್ಲಿದ್ದ ವಯಸ್ಸಾದ ಡಾಕ್ಟರರು ಫಾರಂ ಬದಿಗಿಟ್ಟು, ನಿದ್ದೆ ಎಷ್ಟು ಗಂಟೆ ಮಾಡ್ತೀರಿ ಅಂತ ಕೇಳಿದರಂತೆ.

"ನೀವೇನಂದ್ರಿ?"

"ಯಾವ ದಿನದ್ದು ಸಾರ್, ಅಂದೆ."